ಅಟ್ಟದ ಕಾಯಿ, ಓವನ್ ಕಾಯಿ

ಗಡ್... ಗಡ್... ಒಣಗಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಉರುಳುವ ಸದ್ದು. ಅದನ್ನು ಕೇಳಿದರೆ ಇಂದಿಗೂ ನೀನೇ ನೆನಪಾಗುತ್ತೀಯ, ವಸುಧಾ. ಅರಸೀಕೆರೆಯಲ್ಲಿ ಅಂದು ತಪ್ಪು ಮಾಡಿದವಳು ನಾನು, ಹೊತ್ತವಳು ನೀನು. ಇಷ್ಟನ್ನು ಬರೆಯುವುದಕ್ಕೆ ನಾನು ರಿಟೈರ್ ಆಗಿ, ಮುದುಕಿಯಾಗಬೇಕಾಯಿತು — ಇರಲಿ, ವಯಸ್ಸು ಬರೀ ನೆಪ.

ತೊಂಬತ್ತರ ದಶಕದ ಕೊನೆ. ಪಿಎಚ್‌ಡಿ ಮುಗಿಸಿದವರನ್ನು ಅರ್ಧ ಕಾಲ ಲ್ಯಾಬಿನಲ್ಲಿ, ಅರ್ಧ ಕಾಲ ಕಂಪನಿಯಲ್ಲಿ ಪಳಗಿಸುವ ಹೊಸ ಫೆಲೋಶಿಪ್‌ಗೆ ನಾನು ಮೆಂಟರ್. ನೀನು ಕಣಕಟ್ಟೆಯ ತೆಂಗಿನ ತೋಟದವರ ಮಗಳು, ಓದಿದ್ದು ಫಿಸಿಕ್ಸ್. ಕಾಯಿ ಒಡೆಯದೆ, ತಟ್ಟಿದ ಸದ್ದಿನಿಂದಲೇ ಕೊಬ್ಬರಿ ಒಣಗಿದೆಯೇ ಎಂದು ಹೇಳುವ ಯಂತ್ರ ನಿನ್ನ ಪ್ರಾಜೆಕ್ಟ್. ಫುಡ್ ಸೈನ್ಸ್‌ನವರು, ಎಲೆಕ್ಟ್ರಾನಿಕ್ಸ್‌ನವರು — ಯಾರ ಜೊತೆ ಕೂತರೂ ಅವರ ಭಾಷೆ ನಿನಗೆ ಬರುತ್ತಿತ್ತು. ಗೆದ್ದರೆ ಕಂಪನಿಯಲ್ಲೇ ಕೆಲಸ.

ಯಂತ್ರಕ್ಕೆ ಒಣಗಿದ ಕಾಯಿಯ ಸದ್ದು ಕಲಿಸಬೇಕಿತ್ತು. ನಿಮ್ಮ ಕಡೆ ಅಟ್ಟಕ್ಕೇರಿಸಿದ ಕಾಯಿ ತಾನಾಗಿ ಒಣಗಿ ಚಿಪ್ಪು ಬಿಡಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಕಂಪನಿಯ ರಿವ್ಯೂ ಅದಕ್ಕೂ ಮೊದಲೇ. ಲ್ಯಾಬಿನ ಓವನ್‌ನಲ್ಲಿ ಒಣಗಿಸಿಬಿಡು ಎಂದೆ.

"ಬೇಡ ಮೇಡಂ. ಓವನ್ ಕಾಯಿ ಸದ್ದೇ ಬೇರೆ. ಟೈಮ್ ಕೇಳೋಣ."

"ನಿಮ್ಮಜ್ಜಿ ಅಟ್ಟಕ್ಕೆ ಕಂಪನಿಯವರು ಕಾಯ್ತಾ ಕೂತ್ಕೋತಾರೇನೇ? ಡೆಡ್‌ಲೈನ್ ಈಸ್ ಡೆಡ್‌ಲೈನ್."

ನೀನು ನಕ್ಕೆ. ಒಪ್ಪಲಿಲ್ಲ. ನಾನೇ ನಿಂತು ಕಾಯಿಗಳನ್ನು ಓವನ್‌ಗೆ ಇಡಿಸಿದೆ; ಯಂತ್ರ ಕಲಿತದ್ದು ಆ ಸದ್ದನ್ನೇ.

ಅರಸೀಕೆರೆಯ ವರ್ತಕರೊಬ್ಬರ ಮಂಡಿಯಲ್ಲಿ ಪ್ರದರ್ಶನ. ಒಣಗಿದೆ ಎಂದು ಯಂತ್ರ ಹಸಿರು ದೀಪ ತೋರಿಸಿದ ಕಾಯಿಯನ್ನು ಅವರು ಒಡೆದರು. ಒಳಗೆ ಹಸಿ ಹಸಿ. ಇನ್ನೊಂದು — ಅದೂ ಹಾಗೇ.

"ಏನವ್ವಾ, ನಿಮ್ ಮಿಷಿನ್‌ಗೆ ಕಿವಿ ಮಂದ ಐತಾ?"

ಎಲ್ಲರೂ ನಕ್ಕರು, ಕಂಪನಿಯ ಮ್ಯಾನೇಜರ್ ಒಬ್ಬರನ್ನು ಬಿಟ್ಟು. ಓವನ್ ಕಾಯಿ ಬಳಸಿದ್ದು ಯಾರ ತೀರ್ಮಾನ ಎಂದು ಅವರು ನನ್ನನ್ನೇ ಕೇಳಿದರು. ಮುಂದಿನ ಬ್ಯಾಚಿಗೂ ನಾನೇ ಮೆಂಟರ್ ಆಗಬೇಕೆಂಬ ಆಸೆ ನನಗಿತ್ತು — ಅಷ್ಟು ಸಣ್ಣ ಆಸೆ.

"ಇಟ್ ವಾಸ್ ಹರ್ ಡಿಸಿಶನ್," ಎಂದೆ.

ನೀನು ನನ್ನತ್ತ ಒಮ್ಮೆ ನೋಡಿದೆ. ಅಲ್ಲ ಎನ್ನಬಹುದಿತ್ತು. ಕಲಿಸಿದವರನ್ನು ನಾಲ್ಕು ಜನರ ಮುಂದೆ ಸುಳ್ಳುಗಾರರನ್ನಾಗಿ ಮಾಡಬಾರದು ಅಂತಲೋ ಏನೋ — ತಲೆ ತಗ್ಗಿಸಿ ಚಿಪ್ಪುಗಳನ್ನು ಆರಿಸತೊಡಗಿದೆ. ತಪ್ಪು ಮಾಡಿದ ಮಗು ತಾನೇ ಎದ್ದು ನಿಲ್ಲಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನಾನು ಕೂತೇ ಇದ್ದೆ.

ನಿನ್ನ ಫೆಲೋಶಿಪ್ ಅಲ್ಲಿಗೇ ನಿಂತಿತು. ನನ್ನ ಮೆಂಟರ್ ಕೆಲಸ ಮುಂದುವರಿಯಿತು. ನಿನ್ನ ನಂತರ ಎಷ್ಟೋ ಫೆಲೋಗಳಿಗೆ ರಿಸರ್ಚ್ ಎಥಿಕ್ಸ್ ಪಾಠವನ್ನೂ ಮಾಡಿದೆ, ನಾನೇ.

ಕೊನೆಯ ಸಲ ನಿನ್ನನ್ನು ಕಂಡದ್ದು ಹಳೇಬೀಡಿನ ದೇವಸ್ಥಾನದ ಮಂಟಪದಲ್ಲಿ. ನೀನು ಹೈಸ್ಕೂಲು ಟೀಚರಾಗಿದ್ದೆ, ಮಕ್ಕಳನ್ನು ಟೂರ್ ಕರೆತಂದಿದ್ದೆ. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ನೀನು ನೋಡಿಬಿಟ್ಟೆ.

"ಮಕ್ಕಳೇ, ನಮಸ್ಕಾರ ಮಾಡಿ. ನಂಗೆ ರಿಸರ್ಚ್ ಕಲಿಸಿದ ಮೇಡಂ ಇವರೇ."

ನಿನ್ನ ದನಿಯಲ್ಲಿ ಕೊಂಕು ಹುಡುಕಿದೆ, ವಸುಧಾ. ಇರಲಿಲ್ಲ. ಅಷ್ಟೂ ಮಕ್ಕಳು ಕೈಮುಗಿದರು. ಅವರ ಮುಂದೆಯಾದರೂ ನಿಜ ಹೇಳಬೇಕಿತ್ತು — ಗಾಡ್ ಬ್ಲೆಸ್ ಯು ಎಂದಷ್ಟೇ ಹೇಳಿ, ಚಪ್ಪಲಿ ಬಿಟ್ಟ ಕಡೆಗೆ ನಡೆದುಬಿಟ್ಟೆ.