ಭಾನುವಾರದ ಸಿನಿಮಾದವಳು

ನಮ್ಮ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದವಳು ಭಾನುವಾರ ಮಧ್ಯಾಹ್ನ ನಮ್ಮ ಟೀವಿ ಮುಂದೆ ಬಂದು ಕೂರುತ್ತಿದ್ದಳು. ಆಗ ದೂರದರ್ಶನದಲ್ಲಿ ಬರುತ್ತಿದ್ದದ್ದು ಪ್ರಶಸ್ತಿ ಬಂದ ಸಿನಿಮಾ, ಗೊತ್ತಿಲ್ಲದ ಭಾಷೆ, ಅದರಲ್ಲೂ ಮಾತು ಕಡಿಮೆ. ಮಗ್ಗದ ಸದ್ದಿನಲ್ಲಿ ಕೈಸನ್ನೆಯಲ್ಲೇ ಮಾತಾಡುವ ದೊಡ್ಡಬಳ್ಳಾಪುರದವರಿಗೆ ಅದೇನು ಕಷ್ಟ? ಸಿನಿಮಾದಲ್ಲಿ ಏನಾಯಿತೆಂದು ನಾನು ಕೇಳಿದರೆ “ಇರಕ್ಕಾ, ಅವಳ ಕೈ ನೋಡು” ಎನ್ನುತ್ತಿದ್ದಳು, ಪ್ರತಿ ಸಲವೂ.

ಒಂದು ಭಾನುವಾರ ಸಿನಿಮಾದಲ್ಲಿ, ಗಂಡನ ಮನೆ ಬಿಡಲು ಗಂಟು ಕಟ್ಟಿದ ಹೆಂಗಸು ಹೊಸ್ತಿಲ ಮೇಲೆ ಕೂತೇ ಇದ್ದಳು. ನಮ್ಮ ಯಜಮಾನರು “ಥೂ, ಏನೂ ನಡೆಯಲ್ವಲ್ಲ ಇದ್ರಲ್ಲಿ” ಎಂದು ಟೀವಿ ಆಫ್ ಮಾಡಿಬಿಟ್ಟರು.

“ವಾರವೆಲ್ಲ ನಿಮ್ಮ ಮಗ್ಗದ ಸದ್ದು ತಡ್ಕೊಂಡಿದೀನಿ ಅಣ್ಣಾ. ಅವಳು ಒಂದ್ಗಳಿಗೆ ಸುಮ್ನೆ ಕೂತಿದ್ದನ್ನ ನೀವು ತಡ್ಕೊಳ್ಳೋಕಾಗ್ಲಿಲ್ವಾ?” ಎಂದು ಅವಳು ಎದ್ದೇ ಹೋದಳು.

ಯಜಮಾನರ ಜೊತೆ ಜಗಳವಾಡಿ ನಾನು ಮತ್ತೆ ಟೀವಿ ಹಾಕುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ನೂಲು ಸುತ್ತುವವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಸಿನಿಮಾದ ಆ ಹೆಂಗಸು ಹೊರಗೆ ಹೋದಳೋ, ಒಳಗೆ ಹೋದಳೋ, ಈಗ ಯಾರನ್ನು ಕೇಳಲಿ?