ಹಿಮ್ಮುಖವಾಗಿ ಕೇದಾರಕ್ಕೆ

ನಾನು ಮೂಡಲಗಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿ ಸೇರಿ ಎರಡು ವರ್ಷವಾಗಿತ್ತು. ಬೇಸಿಗೆಯ ರಜೆ ಶುರುವಾದ ದಿನವೇ ಬೆಲ್ಲದ ಬಾಗೇವಾಡಿಯಿಂದ ಸೋದರಮಾವನ ಬುಲಾವು ಬಂತು. ಮಾವ ಬೆಲ್ಲದ ವ್ಯಾಪಾರಿ. ಅಂಗಡಿಯ ಗಾದಿಯ ಮೇಲೆ ಕುಳಿತರೆ ಅವರೂ ಒಂದು ದೊಡ್ಡ ಬೆಲ್ಲದ ಪೆಂಟಿಯಂತೆಯೇ ಕಾಣುತ್ತಿದ್ದರು.

"ಅಳಿಯಾ, ನಾವು ಕೇದಾರಕ್ಕ ಹೊಂಟೇವಿ. ನಿನಗ ಹಿಂದಿ ಬರ್ತೈತಿ, ನೀನೂ ಬಾ" ಅಂದರು.

ನನಗೆ ಬರುತ್ತಿದ್ದ ಹಿಂದಿ ಎಂದರೆ ಮೊದಲ ಪರೀಕ್ಷೆಯ ಪುಸ್ತಕದಷ್ಟು. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವನ ಹೆಂಡತಿ ಅತ್ತಿ ನನ್ನ ಕೈಯಲ್ಲಿ ಶೇಂಗಾ ಹಿಂಡಿಯ ಡಬ್ಬಿ ಕೊಟ್ಟು, "ಇದನ್ನ ನಿನ್ನ ಗಂಟಿನ್ಯಾಗ ಹಾಕ್ಕೊ" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಕೇದಾರದ ಹಂಬಲ ಅತ್ತಿಯದು. ಮಾವ ಪ್ರತಿ ವರ್ಷ "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು. ಆ ಸಲ ಊರಿನ ಮಠಕ್ಕೆ ಬಂದ ಸ್ವಾಮಿಗಳು ಕೇದಾರದ ಮಹಿಮೆ ಹೇಳಿ ಮುಗಿಸಿದ್ದೇ ತಡ, ಹೆಂಗಸರ ಸಾಲಿನಿಂದ ಅತ್ತಿ ಎದ್ದು ನಿಂತು, "ನಮ್ಮ ಮನಿಯವರೂ ಹೋಗಬೇಕಂತಾರ್ರಿ ಬುದ್ಧಿ, ಆದ್ರ ಕಾಲಾಗ ಶಕ್ತಿ ಇಲ್ಲ" ಅಂದುಬಿಟ್ಟಳು. ಇಡೀ ಸಭೆ ಮಾವನ ಕಾಲು ನೋಡಿತು. ಮಾವ ಎದ್ದು, "ಯಾಕ ಇಲ್ಲ? ನನ್ನ ಕಾಲಲೇ ನಡದು ಹೋಗಿ ನಡದು ಬರ್ತೇನಿ!" ಎಂದು ಗುಡುಗಿದರು. ಮರುದಿನದ ಹೊತ್ತಿಗೆ ಆ ಮಾತು ಹುಕ್ಕೇರಿಯ ಸಂತೆಯನ್ನೂ ದಾಟಿ ಗೋಕಾಕಕ್ಕೆ ಮುಟ್ಟಿತ್ತು.

ನಾನು ಬರುವ ಮೊದಲೇ ಒಂದು ತಿಂಗಳು ಮಾವ ಅಭ್ಯಾಸ ಮಾಡಿದ್ದರು. ಬೆಳಗಾದರೆ ತಲೆಗೆ ಪಟಕಾ ಸುತ್ತಿಕೊಂಡು ಹುಕ್ಕೇರಿಯ ದಾರಿ ಹಿಡಿದು ನಡೆಯುವರು. ಬರುವಾಗ ಮಾತ್ರ ಯಾರದ್ದಾದರೂ ಚಕ್ಕಡಿ ಹತ್ತಿ ಬಂದು, ಊರ ಹೊರಗಿನ ಬೇವಿನ ಗಿಡದ ಹತ್ತಿರ ಇಳಿದು, ಅಲ್ಲಿಂದ ಏದುಸಿರು ಬಿಡುತ್ತ ಮನೆಗೆ ಬರುವರು. ಅತ್ತಿ ಇದನ್ನು ಬಲ್ಲಳು. ಮಾವನ ಧೋತರದ ಹಿಂದೆ ಮೇವಿನ ಕಡ್ಡಿಗಳು ಅಂಟಿರುತ್ತಿದ್ದವು.

ಗೋಕಾಕ ರೋಡ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ, ಎಲ್ಲೆಲ್ಲೋ ಇಳಿದು, ಮತ್ತೆಲ್ಲೋ ಹತ್ತಿ, ಅಂತೂ ಹರಿದ್ವಾರ ಮುಟ್ಟಿದೆವು. ಋಷಿಕೇಶದಿಂದ ಮುಂದೆ ಕಾಲೇ ಗತಿ. ದಾರಿಯುದ್ದಕ್ಕೂ ಚಟ್ಟಿಗಳೆಂಬ ಹುಲ್ಲು ಮಾಡಿನ ತಂಗುಮನೆಗಳಿದ್ದವು. ಅಲ್ಲಿಯ ಅಂಗಡಿಯಲ್ಲಿ ಹಿಟ್ಟು ಬೇಳೆ ಕೊಂಡರೆ ಮಲಗಲು ಜಾಗ ಸಿಗುತ್ತಿತ್ತು. ಅತ್ತಿ ಮಾತ್ರ ಜೋಳದ ಹಿಟ್ಟನ್ನು ಊರಿನಿಂದಲೇ ತಂದಿದ್ದಳು. ಮೊದಲ ಸಂಜೆ ಅವಳು ರೊಟ್ಟಿ ಬಡಿಯಲು ಕೂತಾಗ, ಆ ಪಟಪಟ ಸದ್ದಿಗೆ ಚಟ್ಟಿಯ ಜನವೆಲ್ಲ ಓಡಿಬಂದು ಸುತ್ತಲೂ ನಿಂತರು. ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆ ಎಂದುಕೊಂಡಿದ್ದರಂತೆ.

ಮೊದಲ ದಿನ ಮಾವ ಎಲ್ಲರಿಗಿಂತ ಮುಂದೆ. ಎರಡನೆಯ ದಿನ ನಮ್ಮ ಜೊತೆ. ಮೂರನೆಯ ದಿನ ಏರಿನಲ್ಲಿ ಹಿಂದೆ ತಿರುಗಿ ನೋಡಿದರೆ ಮಾವನೇ ಇಲ್ಲ. ಮರಳಿ ಹೋಗಿ ನೋಡಿದೆ. ಒಂದು ಬಂಡೆಯ ಮೇಲೆ ಕುಳಿತು ಎರಡೂ ಪಾದ ಗಾಳಿಗೆ ಹಿಡಿದಿದ್ದರು. ಪಾದದ ತುಂಬ ಬೊಬ್ಬೆ.

"ಅಳಿಯಾ, ಈ ಗುಡ್ಡ ಸರಿ ಇಲ್ಲ" ಅಂದರು.

ಚಟ್ಟಿಯವನು ಒಬ್ಬ ಕಂಡಿವಾಲಾನನ್ನು ಕರೆತಂದ. ಆ ಸೀಮೆಯಲ್ಲಿ ಜನರನ್ನು ಬೆನ್ನ ಮೇಲೆ ಬುಟ್ಟಿಯಲ್ಲಿ ಹೊತ್ತು ಒಯ್ಯುತ್ತಾರೆ. ಬುಟ್ಟಿಗೆ ಕಂಡಿ ಎನ್ನುತ್ತಾರೆ.

"ಕಂಡಿ ಅಂದ್ರ ಗ್ವಾಡಿಯೊಳಗಿನ ತೂತಲ್ಲೇನೋ? ಅದರಾಗ ನಾ ಹೆಂಗ ಹಿಡೀಲಿ?" ಎಂದರು ಮಾವ.

ಬಂದವನು ನನ್ನ ಭುಜದೆತ್ತರದ ಒಣಕಲು ಮನುಷ್ಯ. ಮಾವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ದೇವರನ್ನು ನೆನೆದು, ಒಪ್ಪಿದ. ಆದರೆ ಮಾವ ಒಪ್ಪಬೇಕಲ್ಲ! "ಮಠದಾಗ ಆಡಿದ ಮಾತು ಏನಾಗಬೇಕು?" ಎಂದು ಹಟ ಹಿಡಿದರು.

"ಇಲ್ಲಿ ನಿಮ್ಮನ್ನ ನೋಡವ್ರು ಯಾರದಾರ್ರಿ?" ಎಂದಳು ಅತ್ತಿ. ಕೊನೆಗೆ ಮಾವ ನಮ್ಮಿಬ್ಬರಿಂದಲೂ ಕೊರಳ ಲಿಂಗ ಮುಟ್ಟಿಸಿ, ಊರಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡು ಬುಟ್ಟಿಯೊಳಗೆ ಇಳಿದರು.

ಬುಟ್ಟಿಯಲ್ಲಿ ಕುಳಿತವರ ಮುಖ ಹಿಂದಕ್ಕೆ, ಕಾಲು ಹೊರಗೆ. ಹೊತ್ತವನು ಮುಂದೆ ನೋಡಿದರೆ ಮಾವ ಬಂದ ದಾರಿಯನ್ನು ನೋಡಬೇಕು. ನಾನು ಬುಟ್ಟಿಯ ಹಿಂದೆ ನಡೆಯುತ್ತಿದ್ದೆ. ಹೀಗಾಗಿ ಹಿಮಾಲಯದಲ್ಲಿ ಎಷ್ಟೋ ದಿನ ಮಾವ ನೋಡಿದ್ದು ನನ್ನ ಮುಖ, ನಾನು ನೋಡಿದ್ದು ಮಾವನ ಮುಖ. ಬೇರೆ ಯಾತ್ರಿಕರು ಹೊಳೆ, ಕಣಿವೆ, ದೇವದಾರು ನೋಡಿದರು.

"ಮುಂದ ಏನೈತೋ?" ಎಂದು ಮಾವ ಗಳಿಗೆಗೊಮ್ಮೆ ಕೇಳುವರು.

"ಏರು ಐತ್ರಿ ಮಾವಾ."

"ಆಮ್ಯಾಲ?"

"ಮತ್ತ ಏರು."

ಅತ್ತಿ ಮುಂದೆ ಕಂಡಿವಾಲಾನ ಜೊತೆಗೆ ಹೆಜ್ಜೆ ಹಾಕುತ್ತ, ಅವನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅವನು ತನ್ನ ಪಹಾಡಿ ಮಾತಿನಲ್ಲಿ ಉತ್ತರ ಕೊಡುತ್ತಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ಎಮ್ಮೆ, ಎಮ್ಮೆ ಕುಂಟು ಎಂಬುದೆಲ್ಲ ಅವಳಿಗೆ ತಿಳಿದುಹೋಗಿತ್ತು. ನಾನು ಪರೀಕ್ಷೆಯ ಹಿಂದಿಯಲ್ಲಿ ನೀರು ಕೇಳಿದರೆ ಮಾತ್ರ, ಮಂತ್ರ ಕೇಳಿದವನಂತೆ ಅವನು ಕೈ ಮುಗಿದು ನಿಲ್ಲುತ್ತಿದ್ದ. ಅವರಿಬ್ಬರೂ ನಕ್ಕರೆ ಮಾವನಿಗೆ ಕಸಿವಿಸಿ. "ಏನಂದ್ಲೋ ಅಕಿ? ನನ್ನ ಸುದ್ದಿ ಏನ?" ಎಂದು ನನ್ನನ್ನು ಕೇಳುವರು.

ಹೀಗೇ ಗೌರೀಕುಂಡ ದಾಟಿದೆವು. ಇನ್ನು ಒಂದೇ ದಿನದ ಏರು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಒಂದು ಗುಂಪು ಇಳಿದು ಬರುತ್ತಿತ್ತು. ಅತ್ತಿ ಗಕ್ಕನೆ ನಿಂತಳು. ಇಳಿದು ಬರುತ್ತಿದ್ದ ಹೆಂಗಸರು ಉಟ್ಟದ್ದು ಇಳಕಲ್ಲ ಸೀರೆ!

"ಅವ್ವಾರ, ನೀವು ಬೆಲ್ಲದ ಬಾಗೇವಾಡ್ಯಾವ್ರಲ್ಲೇನ್ರಿ?" ಎಂದು ಮುಂದಿದ್ದ ಮುದಿ ಗೌಡರು ಕೂಗಿದರು. ಅವರು ಮಮದಾಪುರದವರು. ಪ್ರತಿ ಸುಗ್ಗಿಗೆ ಮಾವನ ಅಂಗಡಿಗೇ ಬೆಲ್ಲ ಹಾಕುವವರು.

ಕನ್ನಡ ಕಿವಿಗೆ ಬಿದ್ದದ್ದೇ ಮಾವನ ಮುಖ ಬಿಳುಚಿತು. ಕಣ್ಣುಮುಚ್ಚಿ ತೆರೆಯುವುದರಲ್ಲಿ ಕಾಲು ಒಳಗೆಳೆದುಕೊಂಡು, ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಒಂದು ಗಂಟಾಗಿಬಿಟ್ಟರು.

"ಸಾವಕಾರ್ರು ಎಲ್ಲಿ ಅದಾರ್ರಿ?" ಎಂದರು ಗೌಡರು.

ಯಾತ್ರೆಯಲ್ಲಿ ಅತ್ತಿ ಸುಳ್ಳು ಹೇಳುವಂತಿರಲಿಲ್ಲ. ಒಂದು ಕ್ಷಣ ಯೋಚಿಸಿ, "ಹಿಂದ ಬರಾಕತ್ತಾರ್ರಿ" ಅಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಹಂಗಾರ ಕಂಡೇ ಹೋಗೂಣು" ಎಂದು ಗೌಡರು ಅಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟರು. ಅವರ ಹಿಂದಿದ್ದ ಎಂಟು ಮಂದಿಯೂ ಕುಳಿತರು. ಕಂಡಿವಾಲಾ ಇದೇ ಸಮಯವೆಂದು ಬುಟ್ಟಿಯನ್ನು ಗೌಡರ ಪಕ್ಕದಲ್ಲೇ ಇಳಿಸಿ ಬೀಡಿ ಹಚ್ಚಿದ.

ಅಂಗಡಿಯಲ್ಲಿ ನನ್ನನ್ನೂ ಕಂಡಿದ್ದ ಗೌಡರು ಬುಟ್ಟಿಯನ್ನು ನೋಡಿ, "ಇದರಾಗ ಏನ್ರಿ ಮಾಸ್ತರ?" ಎಂದು ನನ್ನನ್ನು ಕೇಳಿದರು.

ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸುವ ನಾನು, "ಸಾಮಾನ್ರಿ" ಅಂದೆ.

"ಭಾಳ ತಂದೀರಿ ಬಿಡ್ರಿ."

ಗೌಡರು ದಾರಿಯ ಸುದ್ದಿ, ಮಂಜಿನ ಸುದ್ದಿ, ಊರಿನ ಕಬ್ಬಿನ ಸುದ್ದಿ ಎಲ್ಲ ತೆಗೆದರು. ಮಾವನ ಸುಳಿವಿಲ್ಲ. "ಸಾವಕಾರ್ರು ಖರೇನ ನಡದು ಬಂದಾರಲ್ಲ! ಭೇಷ್! ನಮ್ಮೂರಾಗೂ ಅದ ಮಾತು" ಎಂದು ಮೆಚ್ಚಿ, ಮಾತಿನ ಭರದಲ್ಲಿ ಕಂಬಳಿಯ ಮೇಲೆ ಒಂದು ಪೆಟ್ಟು ಹಾಕಿದರು. ಕಂಬಳಿಯ ಧೂಳು ಎದ್ದಿತು. ಒಳಗಿನಿಂದ ಕಣಿವೆಯೇ ಮೊಳಗುವಂಥ ಒಂದು ಸೀನು ಬಂತು.

ಗೌಡರು ಎದ್ದು ಎರಡು ಹೆಜ್ಜೆ ಹಿಂದೆ ಸರಿದು, "ಮಾಸ್ತರ, ಸಾಮಾನ ಸೀನಾಕತ್ತೈತಿ" ಅಂದರು.

ಕಂಬಳಿ ತಾನಾಗಿಯೇ ಸರಿಯಿತು. ಮಾವ ಪಟಕಾ ಸರಿಮಾಡಿಕೊಂಡು, ಗಾದಿಯ ಮೇಲಿಂದ ಗಿರಾಕಿಯನ್ನು ಕರೆಯುವ ಗತ್ತಿನಲ್ಲಿಯೇ, "ಬರ್ರಿ ಗೌಡ್ರ, ಆರಾಮ ಅದೀರಿ?" ಎಂದರು.

ಗೌಡರ ಹಿಂದಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ಕುಲುಕುಲು ನಗತೊಡಗಿದಳು. ನಕ್ಕೂ ನಕ್ಕೂ ಕೂತ ಬಂಡೆಯ ಮೇಲೇ ವಾಲಿದಳು. ಗೌಡರು ಅವಳನ್ನು ದುರುಗುಟ್ಟಿ ನೋಡಿದರು. ನಂತರ ಮಾವನ ಕಿವಿಯ ಹತ್ತಿರ ಬಗ್ಗಿ, "ಸಾವಕಾರ್ರ, ನಂದೂ ಇದ ಹಣೇಬರಾರಿ. ನಾನೂ ಬುಟ್ಟ್ಯಾಗ ಕುಂತ ಹೋಗಿದ್ದೆ. ಇಲ್ಲಿ ಸ್ವಲ್ಪ ಕಾಲಾಡಿಸಬೇಕಂತ ಈಗರ ಇಳದೆ. ಇವರಿಗೆಲ್ಲಾ ಆಣಿ ಹಾಕೇನಿ" ಎಂದರು. ಅಷ್ಟರಲ್ಲಿ ಅವರ ಖಾಲಿ ಬುಟ್ಟಿ ಹೊತ್ತವನು ತಿರುವಿನಲ್ಲಿ ಕಾಣಿಸಿಕೊಂಡ.

ಇಬ್ಬರೂ ಹಿರಿಯರು ಅಪ್ಪಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತಿ ಎಲ್ಲರಿಗೂ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಮಮದಾಪುರ, ಬಾಗೇವಾಡಿ ಎರಡೂ ಕೂಡಿ ಉಂಡವು.

ಮುಂದೆ ಹೊರಟಾಗ ಮಾವನಿಗೆ ಮುಖ ಮುಚ್ಚಿಕೊಳ್ಳುವ ಚಿಂತೆ ಇರಲಿಲ್ಲ. ದಾರಿಯ ಕೊನೆಯಲ್ಲಿ ಗುಡಿ ಮೊದಲ ಬಾರಿ ಕಾಣುವ ಜಾಗ ಬಂತು. ಅತ್ತಿ ಅಲ್ಲೇ ನಿಂತು ಕೈ ಮುಗಿದಳು. ಬುಟ್ಟಿಯ ಹಿಂದಿದ್ದ ನಾನೂ ನಿಂತೆ. ನನ್ನ ಮುಖ ನೋಡಿ ಮಾವನಿಗೆ ಏನನ್ನಿಸಿತೋ, "ಇಳಸಪಾ" ಎಂದರು. ಇಳಿದು, ನೋಯುವ ಕಾಲ ಮೇಲೆ ನಿಂತು, ನಿಧಾನವಾಗಿ ಹಿಂದಕ್ಕೆ ತಿರುಗಿದರು. ಗುಡಿಯ ಹಿಂದೆ ಆಕಾಶದ ಅರ್ಧಕ್ಕೆ ಬಿಳಿಯ ಬೆಟ್ಟ ನಿಂತಿತ್ತು. ಅಷ್ಟು ದಿನ ನಾವೆಲ್ಲ ಶಿಖರಗಳನ್ನು ಚೂರುಚೂರಾಗಿ ನೋಡುತ್ತ ಬಂದಿದ್ದೆವು. ಮಾವನಿಗೆ ಅದು ಒಮ್ಮೆಗೇ ಎದುರಾಗಿತ್ತು.

ಕತ್ತೆತ್ತಿ ತುದಿಯವರೆಗೂ ನೋಡಿ, "ಇಷ್ಟ ದೊಡ್ಡದೈತಿ. ನನಗ ಯಾರೂ ಹೇಳಲೇ ಇಲ್ಲಲ್ಲೋ!" ಎಂದರು. ಉಳಿದ ದಾರಿಯನ್ನು ಕಂಡಿವಾಲಾನ ಹೆಗಲು ಹಿಡಿದು, ಹತ್ತು ಹೆಜ್ಜೆಗೊಮ್ಮೆ ಕೂತು, ನಡೆದೇ ಮುಗಿಸಿದರು.

ಗುಡಿಯಲ್ಲಿ ವಿಭೂತಿ ಕೊಟ್ಟ ಸ್ವಾಮಿಗಳು ನಮ್ಮ ಸೀಮೆಯವರೇ. "ಯಾವೂರ್ರಿ?" ಎಂದು ಕನ್ನಡದಲ್ಲಿ ಕೇಳಿದ್ದಕ್ಕೆ ಮಾವ ಚಿಕ್ಕ ಮಗುವಿನಂತೆ ಅತ್ತುಬಿಟ್ಟರು. ಆ ಸಂಜೆ ಅತ್ತಿ ಬೇಳೆ ಒಲೆಗಿಟ್ಟಳು. ಎಷ್ಟು ಕುದಿಸಿದರೂ ಬೇಯಲಿಲ್ಲ. ಎತ್ತರದಲ್ಲಿ ಹಾಗೇ ಎಂದು ನಾನು ವಿಜ್ಞಾನ ಹೇಳಲು ಹೋದೆ. ಅವಳು ಅಂಗಡಿಯವನೇ ಮೋಸ ಮಾಡಿದ್ದು ಎಂದು ತೀರ್ಮಾನಿಸಿ, ಅವನನ್ನು ಕನ್ನಡದಲ್ಲಿ ಬೈದು ಬಂದಳು. ಮಾವ ಆ ಬೇಳೆಯನ್ನು ಕಟಕಟ ಕಡಿಯುತ್ತಲೇ ಎರಡು ಸಲ ಹಾಕಿಸಿಕೊಂಡರು.

ಮರುದಿನ ಗೌರೀಕುಂಡಕ್ಕೆ ಇಳಿದೆವು. ಅಲ್ಲಿಯ ಬಿಸಿನೀರಿನ ಕುಂಡದಲ್ಲಿ ಕಾಲು ಇಳಿಬಿಟ್ಟು ಕುಳಿತ ಮಾವ ಏಳಲೊಲ್ಲರು.

"ಮುಗೀತಲ್ಲ, ಇನ್ನ ಊರಿಗೆ ಹೋಗೂದ" ಎಂದು ಕಣ್ಣು ಮುಚ್ಚಿದರು.

"ಏಳ್ರಿ" ಎಂದಳು ಅತ್ತಿ, "ಬದರಿ ಉಳದೈತಿ."

ಮಾವ ಒಂದೇ ಕಣ್ಣು ತೆರೆದರು. "ಅದೆಲ್ಲೈತಿ?"

ಅತ್ತಿ ಕೈ ತೋರಿಸಿದ ಕಡೆ ಇನ್ನೊಂದು ಬೆಟ್ಟಸಾಲು ಇತ್ತು. ಮಾವ ಅದನ್ನು ನೋಡಿದರು, ನನ್ನನ್ನು ನೋಡಿದರು, ಏಳುವ ಬದಲು ಕೊರಳವರೆಗೂ ನೀರಿಗಿಳಿದರು.