ದೊಡ್ಡ ಡ್ರೈವರ್ ಕಟ್ಟಿದ ಬಾಜಿ

ದೊಡ್ಡ ಡ್ರೈವರರ ಎರಡು ಕೈಗಳು ಇಬ್ಬರು ಬೇರೆ ಬೇರೆ ಮನುಷ್ಯರವು ಎನ್ನುವಂತಿದ್ದವು. ಏಸಿ ಗಾಳಿ ತಾಗಿದರೆ ಅವರಿಗೆ ಶೀತ. ಮಾಲೀಕರು ಗಾಡಿಯಲ್ಲಿಲ್ಲದಾಗ ಕಿಟಕಿ ಇಳಿಸಿ, ಎಡಮೊಣಕೈ ಹೊರಗೆ ಚಾಚಿ ಓಡಿಸುತ್ತಿದ್ದರು. ಕುವೈತಿನ ಬಿಸಿಲು ಆ ಒಂದೇ ಕೈಯನ್ನು ಹುರಿದು ಕಾಫಿಬೀಜದ ಬಣ್ಣಕ್ಕೆ ತಂದಿತ್ತು. ಬಲಗೈ ಮಾತ್ರ ನಿನ್ನೆ ಊರಿಂದ ಬಂದಿಳಿದ ಹಾಗೆ.

"ಬಲಗೈಗೆ ಇನ್ನೂ ಇಕಾಮಾ ಆಗಿಲ್ಲೇನ್ರೀ?" ಎಂದು ಅಲ್ಲಿ ವಾಸಕ್ಕೆ ಬೇಕಾದ ಪರವಾನಗಿಯ ಹೆಸರೆತ್ತಿ ನಾನು ಕೆಣಕುತ್ತಿದ್ದೆ.

"ಮೊದಲು ನಿನ್ನ ಮೂಗಿಗೆ ಬೇರೆ ಇಕಾಮಾ ಮಾಡಿಸು ಮಾರಾಯ. ನಿನಗಿಂತ ಮುಂಚೆ ಅದು ಬಾಗಿಲು ದಾಟ್ತದೆ."

ನಮ್ಮದು ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಕಂಪನಿ. ನಾನು ದಾವಣಗೆರೆಯವನು, ಕೌಂಟರಿನಲ್ಲಿ ಮಾಲು ಮಾರುವುದು ಸಂಬಳದ ಕೆಲಸ, ಕಂಪನಿಯವರು ಒಟ್ಟಿಗಿದ್ದ ಫ್ಲ್ಯಾಟಿನಲ್ಲಿ ಎಲ್ಲರನ್ನೂ ಅಣಕಿಸುವುದು ಸಂಬಳವಿಲ್ಲದ್ದು. ದೊಡ್ಡ ಡ್ರೈವರ್ ಉಡುಪಿ ಕಡೆಯ ತುಳುವರು, ಮಾಲೀಕರ ಗಾಡಿ ಓಡಿಸುವವರು. ಚಿಕ್ಕ ಡ್ರೈವರ್ ಕಾರ್ಕಳದ ಕೊಂಕಣಿ ಕ್ಯಾಥೊಲಿಕರು, ಮಾಲೀಕರ ಮನೆಯ ಹೆಂಗಸರನ್ನು ಜಾಬ್ರಿಯಾದ ಕ್ಲಿನಿಕ್ಕಿಗೆ, ಪೇಟೆಗೆ ಕರೆದೊಯ್ಯುವವರು. ವಯಸ್ಸಿನಲ್ಲಿ ಇವರೇ ಹಿರಿಯರು. ಕೆಲಸಕ್ಕೆ ಆಮೇಲೆ ಸೇರಿದ್ದರಿಂದ ಚಿಕ್ಕವರಾಗಿಬಿಟ್ಟಿದ್ದರು.

ಆ ವರ್ಷ ಬ್ಯಾಂಕಾಕಿನಲ್ಲಿ ವೃತ್ತಿಪರ ಸ್ನೂಕರ್ ಆಟಗಾರರ ದೊಡ್ಡ ಪಂದ್ಯಾವಳಿ. ಆಟ ನಡೆಯುವ ಹೊತ್ತಿಗೆ ನಾವೆಲ್ಲ ಕೆಲಸದಲ್ಲಿ. ಸಂಜೆ ಟಿವಿಯಲ್ಲಿ ಅದನ್ನೇ ಮತ್ತೆ ಹಾಕುತ್ತಿದ್ದರು. ಫಲಿತಾಂಶ ತಿಳಿಯಲು ನಮಗೆ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ನಮ್ಮ ಮಟ್ಟಿಗೆ ಚೆಂಡು ಬೀಳುವುದೇ ಸಂಜೆಗೆ. ಬಾಜಿಗೆ ದುಡ್ಡಿಲ್ಲ. ಸೋತವನು ಗೆದ್ದವನ ತಟ್ಟೆ ತೊಳೆಯಬೇಕು, ಕಕ್ಕಸು ತಿಕ್ಕಬೇಕು.

ದೊಡ್ಡ ಡ್ರೈವರ್ ಎರಡು ಸಲ ಗಂಟಲು ಸರಿಮಾಡಿಕೊಂಡು, "ನಂಗೆ ಯಾಕೋ ಅನಿಸ್ತದೆ…" ಎಂದು ಒಬ್ಬನ ಹೆಸರು ಹೇಳುತ್ತಿದ್ದರು. ಅವನೇ ಗೆಲ್ಲುತ್ತಿದ್ದ. ಪ್ರತಿ ಸಂಜೆಯೂ ಹೀಗೇ! ಅವರನ್ನು ಎಷ್ಟು ಚೆಂದ ಅಣಕಿಸುತ್ತಿದ್ದೆನೋ ಅಷ್ಟೇ ಚೆಂದ ಅವರ ತಟ್ಟೆ ತೊಳೆದೆ.

ಇದರ ನಡುವೆ ರಜೆಯ ಪೇಚು ಬಂತು. ಇಬ್ಬರು ಡ್ರೈವರುಗಳಲ್ಲಿ ಆ ವರ್ಷ ಒಬ್ಬರೇ ಊರಿಗೆ ಹೋಗಬಹುದು ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಸರದಿ ದೊಡ್ಡವರದು. ಅವರ ಮಗಳು ಹುಟ್ಟಿ ವರ್ಷವಾಗಿತ್ತು, ಅವರು ನೋಡಿದ್ದು ಫೋಟೋ ಮಾತ್ರ. ಅಷ್ಟರಲ್ಲಿ ಚಿಕ್ಕವರ ಮಗಳ ಮದುವೆ ಈಸ್ಟರ್ ಕಳೆದ ಮೇಲೆ ಎಂದು ನಿಶ್ಚಯವಾಯಿತು.

"ಪೊರ್ಬುಗಳೇ, ನೀವು ಹೋಗಿ ಬನ್ನಿ," ಎಂದರು ದೊಡ್ಡವರು, ಊರಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆಯೇ.

ಚಿಕ್ಕವರು ಉರಿದುಬಿದ್ದರು. "ನಿಮ್ಮ ಸರದಿ ತಿಂದು ನಾನು ಮದುವೆ ಊಟ ಮಾಡುದಾ? ನಂಗೆ ಯಾರ ಉಪಕಾರವೂ ಬೇಡ. ಖಲಾಸ್!"

ಆಮೇಲೆ ಎರಡು ದಿನ ಚಿಕ್ಕವರು ಒಬ್ಬರೇ ಕೂತು ಉಂಡರು. ಮಗಳಿಗೆ ಫೋನು ಮಾಡಲು ಹೋದವರು ಬೂತಿನ ಬಾಗಿಲಿನಿಂದಲೇ ವಾಪಸು ಬಂದರು. ಕೊನೆಗೆ ದೊಡ್ಡವರೇ ಅಂದರು: "ಸರಿ, ಉಪಕಾರ ಬೇಡ. ಫೈನಲ್ ಮೇಲೆ ರಜೆಯನ್ನೇ ಕಟ್ಟುವ. ಗೆದ್ದವ ಊರಿಗೆ." ಚಿಕ್ಕವರು ಬಹಳ ಹೊತ್ತು ಯೋಚಿಸಿ ಕೈಕುಲುಕಿದರು. ಬಾಜಿಯಲ್ಲಿ ಗೆದ್ದದ್ದು ಭಿಕ್ಷೆಯಲ್ಲವಲ್ಲ.

ಫೈನಲ್ ದಿನ ಮಧ್ಯಾಹ್ನ ನನ್ನನ್ನು ಬ್ಯಾಟರಿ ಕೊಟ್ಟು ಮಾಲೀಕರ ಮನೆಗೆ ಕಳಿಸಿದರು. ಗಂಡಸರು ಕೂತು ಹರಟುವ ದಿವಾನಿಯಾದ ಬಾಗಿಲು ತೆರೆದಿತ್ತು. ಒಳಗೆ ದೊಡ್ಡ ಟಿವಿ. ಅದರಲ್ಲಿ ನೇರಪ್ರಸಾರ! ನಾವು 'ಡೊಳ್ಳ' ಎಂದು ಕರೆಯುತ್ತಿದ್ದ ದಪ್ಪ ಆಟಗಾರ ಕಪ್ ಎತ್ತುತ್ತಿದ್ದ, 'ಕೊಕ್ಕರೆ' ಎಂಬ ಉದ್ದನೆಯವನು ಜೋಲುಮುಖ ಹಾಕಿ ನಿಂತಿದ್ದ. ಪಕ್ಕದಲ್ಲೇ ಚಹಾದ ತಟ್ಟೆ ಹಿಡಿದು, ಕಣ್ಣು ಕೀಲಿಸಿ ನಿಂತವರು ಯಾರು? ದೊಡ್ಡ ಡ್ರೈವರ್!

ನನ್ನ ಕೈಯಿಂದ ಬ್ಯಾಟರಿ ಕಾಲಮೇಲೆ ಬೀಳದಿದ್ದದ್ದೇ ಪುಣ್ಯ. ವಾರವಿಡೀ ಅವರಿಗೆ 'ಯಾಕೋ ಅನಿಸಿದ್ದು' ಇಲ್ಲಿ! ಇವತ್ತು ಆ ಪಾಪದ ಮನುಷ್ಯನ ಮಗಳ ಮದುವೆಯನ್ನೂ ನುಂಗುತ್ತಾರಲ್ಲ! ಅವರಿಗೆ ಕಾಣಿಸಿಕೊಳ್ಳದೆ ಹೊರಟುಬಂದೆ. ಸಂಜೆ ಎಲ್ಲರೆದುರು ಅವರ ದನಿಯಲ್ಲೇ ಅವರ ಮಾನ ಕಳೆಯಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ.

ಸಂಜೆ ಎಲ್ಲರೂ ಟಿವಿ ಮುಂದೆ ಕೂತರು. ವಾರವೆಲ್ಲ ಗೆದ್ದವರೆಂದು ಮೊದಲ ಆಯ್ಕೆ ದೊಡ್ಡವರಿಗೇ. ನಾನು ಬಾಯಿ ತೆರೆದು ಸಿದ್ಧನಾಗಿದ್ದೆ. ಅವರು ಎರಡು ಸಲ ಗಂಟಲು ಸರಿಮಾಡಿಕೊಂಡರು.

"ನಂಗೆ ಯಾಕೋ ಅನಿಸ್ತದೆ, ಕೊಕ್ಕರೆಯೇ ಗೆಲ್ಲುದು."

ತೆರೆದ ಬಾಯಿ ತೆರೆದೇ ಉಳಿಯಿತು. ಚಿಕ್ಕವರು ಶಿಲುಬೆಯ ಗುರುತು ಹಾಕಿಕೊಂಡು ಡೊಳ್ಳನನ್ನು ಒಪ್ಪಿಕೊಂಡರು. ಆಟ ಮುಗಿದಾಗ ಮಗುವಿನ ಹಾಗೆ ಮಂಚದ ಮೇಲೆ ಕುಣಿದರು.

ಅಡುಗೆಮನೆಯಲ್ಲಿ ದೊಡ್ಡವರನ್ನು ಹಿಡಿದೆ. "ಅಲ್ರೀ, ನಿಮಗೆ ಗೊತ್ತಿತ್ತು! ಮಧ್ಯಾಹ್ನ ದಿವಾನಿಯಾದಲ್ಲಿ ನಾನು ನೋಡಿದೀನಿ."

ಅವರ ಕೈಯಲ್ಲಿದ್ದ ತಟ್ಟೆ ನಿಂತಿತು. "ಮೆಲ್ಲ ಮಾತಾಡು ಮಾರಾಯ."

"ನಿಮ್ಮ ಕೂಸಿನ ಮುಖ ನೋಡೋದು ಬೇಡ್ವೇನ್ರೀ?"

"ಮುಖ ಎಲ್ಲಿಗೆ ಹೋಗ್ತದೆ? ಇನ್ನೊಂದು ವರ್ಷ ಹೋದ್ರೆ ಅದಕ್ಕೆ ನನ್ನ ಹತ್ರ ಓಡಿ ಬರ್ಲಿಕ್ಕೆ ಗೊತ್ತಾಗ್ತದೆ. ಮದುವೆ ಕಾಯ್ತದಾ?" ನಲ್ಲಿ ತಿರುಗಿಸಿದರು. "ನಿನ್ನ ಹತ್ರ ತಟ್ಟೆ ತೊಳೆಸಿದ್ದು ಮಾತ್ರ ಮೋಸವೇ. ಇನ್ನು ನಾನೇ ತೊಳೀತೇನೆ. ಊರಿಗೆ ಊರನ್ನೇ ಅಣಕಿಸು, ಇದೊಂದನ್ನು ಬಿಡು."

ಬಿಟ್ಟೆ. ಎಂಥ ಮಾತೂ ನಿಲ್ಲದ ಈ ಬಾಯಿಯಲ್ಲಿ ಅದೊಂದು ನಿಂತಿತು.

ಕೆಲವು ವರ್ಷಗಳ ಮೇಲೆ ಶುವೈಖ್‌ನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದರೂ ಅವರ ಗಾಡಿ ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರಂತೆ. ಎಡಗೈ ಕಿಟಕಿಯ ಹೊರಗೇ ಇತ್ತಂತೆ.

ಅವರ ದೇಹ ಊರಿಗೆ ಹೋದ ಸಂಜೆ ಫ್ಲ್ಯಾಟಿನಲ್ಲಿ ಸೇರಿದೆವು. ಚಿಕ್ಕ ಡ್ರೈವರ್ ಎದ್ದು ನಿಂತು ಹೇಳಿದರು: "ಬಂಗಾರದಂಥ ಜನ. ಆದ್ರೆ ಸ್ನೂಕರ್ ಮಾತ್ರ ಎಂಥದೂ ತಿಳೀತಿರ್ಲಿಲ್ಲ ಪಾಪ. ವಾರವಿಡೀ ಅದೃಷ್ಟ, ಅಷ್ಟೇ. ಫೈನಲ್‌ನಲ್ಲಿ ಸಿಕ್ಕಿಬಿದ್ರು. ನನ್ನ ಮಗಳ ಮದುವೆಗೆ ನಾನು ಗೆದ್ದೇ ಹೋದದ್ದು, ಗೊತ್ತುಂಟಾ?" ಆಮೇಲೆ ನನ್ನ ಕಡೆ ತಿರುಗಿದರು. "ನೀನೊಮ್ಮೆ ಅವರ ಹಾಗೆ ಮಾತಾಡು ಬಾಬಾ. ಆ ದನಿ ಕೇಳ್ಬೇಕು ಅನಿಸ್ತಾ ಉಂಟು."

ನಾನು ಎದ್ದೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ.

"ನಂಗೆ ಯಾಕೋ ಅನಿಸ್ತದೆ, ಕೊಕ್ಕರೆಯೇ ಗೆಲ್ಲುದು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಳ್ಳುತ್ತ, ಚಿಕ್ಕ ಡ್ರೈವರ್ ನಕ್ಕರು.